ಇಮೇಲ್ ಸಿಗ್ನೇಚರ್: ವರ್ಷವಿಡೀ ಇರುವುದು, ಹಬ್ಬಕ್ಕೆ ಬಂದು ಹೋಗುವುದು

ಬಹುಕಾಲದಿಂದ ಜೊತೆಗೆ ಕೆಲಸ ಮಾಡುತ್ತಿದ್ದ ಗ್ರಾಹಕರೊಬ್ಬರು ತಮ್ಮ ತಾಯಿ ತೀರಿಕೊಂಡ ಸುದ್ದಿ ಬರೆದಿದ್ದರು. ಮೂರು ಸಾಲಿನ ಸಂತಾಪ ಬರೆದು, ಎರಡು ಸಲ ಓದಿ ಕಳಿಸಿದೆ. ಸಂಜೆ ಬೇರೇನೋ ಹುಡುಕುತ್ತ ಸೆಂಟ್ ಫೋಲ್ಡರ್ ತೆರೆದರೆ, ಆ ಸಂತಾಪದ ಕೆಳಗೆ, ನನ್ನ ಹೆಸರಿನ ಅಡಿಯಲ್ಲಿ, ಬಣ್ಣದ ಕಾಗದದ ಚೂರು ಹಾರುತ್ತಿರುವ ಹೊಸ ವರ್ಷದ ಬ್ಯಾನರ್! ಆಗ ಮಾರ್ಚ್ ತಿಂಗಳು. ಅವರು ಏನೂ ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು.

ಬ್ಯಾನರನ್ನು ಜನವರಿಯಲ್ಲೇ ತೆಗೆದಿದ್ದೇನೆ ಎಂದು ನಾನು ಆಣೆ ಮಾಡಿ ಹೇಳುತ್ತಿದ್ದೆ. ಅದು ಎಲ್ಲಿ ಅಡಗಿ ಕೂತಿತ್ತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು ಸಿಗ್ನೇಚರನ್ನು, ಅಂದರೆ ನಾವು ಕಳಿಸುವ ಮೇಲ್‌ನ ಕೊನೆಗೆ ತಾನಾಗಿ ಸೇರುವ ಹೆಸರು, ಸಂಪರ್ಕದ ಸಾಲುಗಳನ್ನು, ಹೇಗೆ ಬರೆಯಬೇಕು, ಹೇಗೆ ಕಟ್ಟಬೇಕು, ಎಲ್ಲೆಲ್ಲಿ ಕೂರಿಸಬೇಕು ಎಂಬುದನ್ನು ನೋಡೋಣ.

ಬಣ್ಣ ಆಮೇಲೆ, ಮೊದಲು ಅಕ್ಷರ

ಸಿಗ್ನೇಚರ್ ಮಾಡಲು ಕೂತವರು ಸಾಮಾನ್ಯವಾಗಿ ಲೋಗೊ ಹುಡುಕುವುದರಿಂದ ಶುರು ಮಾಡುತ್ತಾರೆ. ಅದನ್ನು ಬದಿಗಿಟ್ಟು ನೋಟ್‌ಪ್ಯಾಡ್ ತೆರೆಯಿರಿ. ಬಣ್ಣವಿಲ್ಲದೆ, ದಪ್ಪಕ್ಷರವಿಲ್ಲದೆ, ಚಿತ್ರವಿಲ್ಲದೆ ಬರೀ ಅಕ್ಷರದಲ್ಲಿ ನಿಮ್ಮ ಸಿಗ್ನೇಚರ್ ಬರೆಯಿರಿ. ಅಲ್ಲಿ ಚೆನ್ನಾಗಿ ಕಂಡದ್ದು ಎಲ್ಲೆಡೆಯೂ ಚೆನ್ನಾಗಿ ಕಾಣುತ್ತದೆ. ಅಲ್ಲಿ ಗೋಜಲಾಗಿ ಕಂಡದ್ದನ್ನು ಯಾವ ವಿನ್ಯಾಸವೂ ಉಳಿಸುವುದಿಲ್ಲ.

ನಾಲ್ಕು ಸಾಲು ಸಾಕು. ಇದು ನನ್ನ ಸ್ವಂತ ಹಟವಲ್ಲ. 1995ರ ಅಕ್ಟೋಬರ್‌ನಲ್ಲಿ ಬಂದ ಆರ್‌ಎಫ್‌ಸಿ 1855 ಎಂಬ ಅಂತರ್ಜಾಲ ಶಿಷ್ಟಾಚಾರದ ದಾಖಲೆಯೇ ಸಿಗ್ನೇಚರ್ ನಾಲ್ಕು ಸಾಲು ಮೀರದಿರಲಿ ಎಂದಿತ್ತು. ಆಗ ಜನ ನಿಮಿಷದ ಲೆಕ್ಕದಲ್ಲಿ ಸಂಪರ್ಕಕ್ಕೆ ಹಣ ಕೊಡುತ್ತಿದ್ದ ಕಾಲ. ಈಗ ಆ ಕಾರಣ ಹೋಗಿದೆ, ಆದರೆ ಫೋನಿನ ಪರದೆ ಬಂದಿದೆ. ಎರಡು ಸಾಲಿನ ಉತ್ತರಕ್ಕೆ ಹದಿನಾಲ್ಕು ಸಾಲಿನ ಬಾಲ ಅಂಟಿಕೊಂಡಿದ್ದರೆ ಓದುವವರು ಹೆಬ್ಬೆರಳು ಸವೆಸಬೇಕು.

ನನ್ನ ಅಚ್ಚು ಹೀಗಿದೆ:

ನಿಮ್ಮ ಹೆಸರು
ಹುದ್ದೆ, ಸಂಸ್ಥೆಯ ಹೆಸರು
ದೇಶದ ಕೋಡ್ ಸಹಿತ ಒಂದೇ ಒಂದು ಫೋನ್ ನಂಬರ್
ಜಾಲತಾಣದ ವಿಳಾಸ

ಹೊಸಬರೊಬ್ಬರು ನಿಮ್ಮ ಮೇಲ್ ಓದಿದ ಮೇಲೆ ಕೇಳುವುದು ಎರಡೇ: ಇವರು ಯಾರು, ಇವರನ್ನು ಹಿಡಿಯುವುದು ಹೇಗೆ. ಈ ನಾಲ್ಕು ಸಾಲು ಎರಡಕ್ಕೂ ಉತ್ತರ ಕೊಡುತ್ತವೆ. ಐದನೆಯ ಸಾಲು ಬೇಕೆನ್ನಿಸಿದರೆ, ಅದು ಈ ಎರಡು ಪ್ರಶ್ನೆಗಳಲ್ಲಿ ಯಾವುದಕ್ಕೆ ಉತ್ತರ ಎಂದು ಕೇಳಿಕೊಳ್ಳಿ. ದಾರ್ಶನಿಕರ ನುಡಿಮುತ್ತು ಈ ಪರೀಕ್ಷೆಯಲ್ಲಿ ಫೇಲಾಗುತ್ತದೆ. ಫ್ಯಾಕ್ಸ್ ನಂಬರೂ ಅಷ್ಟೇ. ನಿಮ್ಮದೇ ಇಮೇಲ್ ವಿಳಾಸವನ್ನು ಮತ್ತೆ ಬರೆಯುವ ಅಗತ್ಯ ಬಹುಮಟ್ಟಿಗೆ ಇರುವುದಿಲ್ಲ, ಮೇಲ್ ಬಂದದ್ದೇ ಆ ವಿಳಾಸದಿಂದ. ನಿಮ್ಮ ಮೇಲ್‌ಗಳನ್ನು ಮುದ್ರಿಸಿ ಫೈಲ್ ಮಾಡುವ ಕಚೇರಿಗಳೊಂದಿಗೆ ವ್ಯವಹಾರವಿದ್ದರೆ ಮಾತ್ರ ಇರಲಿ. ಪದವಿಗಳ ಸರಮಾಲೆಯಲ್ಲಿ ಈ ಕೆಲಸಕ್ಕೆ ಸಂಬಂಧಪಟ್ಟ ಒಂದನ್ನು ಉಳಿಸಿ, ಮಿಕ್ಕಿದ್ದನ್ನು ರೆಸ್ಯೂಮೆಗೆ ಬಿಡಿ.

ಫೋನ್ ನಂಬರನ್ನು ಪ್ಲಸ್ ಚಿಹ್ನೆ, ದೇಶದ ಕೋಡ್, ಆಮೇಲೆ ನಂಬರ್ ಎಂಬ ಕ್ರಮದಲ್ಲೇ ಬರೆಯಿರಿ. ಇ.164 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ದೇಶದ ಕೋಡೂ ಸೇರಿ ಹೆಚ್ಚೆಂದರೆ 15 ಅಂಕಿ. ನಡುವೆ ಸೊನ್ನೆಯನ್ನು ಆವರಣದಲ್ಲಿ ಇಡುವ ಹಳೆಯ ಪದ್ಧತಿ ಬೇಡ. ಬೇರೆ ದೇಶದವರು ಅದನ್ನು ಒತ್ತಬೇಕೋ ಬಿಡಬೇಕೋ ಗೊತ್ತಾಗದೆ ಒದ್ದಾಡುತ್ತಾರೆ, ಫೋನೂ ಕೆಲವೊಮ್ಮೆ ತಪ್ಪು ನಂಬರ್ ಒತ್ತುತ್ತದೆ.

ನೀವು ನೋಂದಾಯಿತ ಕಂಪನಿಯ ಪರವಾಗಿ ಬರೆಯುತ್ತಿದ್ದರೆ ಒಂದು ಸಾಲು ಕಾನೂನಿಗೆ ಮೀಸಲಿಡಬೇಕಾಗಬಹುದು. ಬ್ರಿಟನ್ನಿನಲ್ಲಿ ಕಂಪನಿಯ ನೋಂದಾಯಿತ ಹೆಸರು, ನೋಂದಣಿ ಸಂಖ್ಯೆ, ನೋಂದಾಯಿತ ಕಚೇರಿಯ ವಿಳಾಸ ವ್ಯವಹಾರದ ಇಮೇಲ್‌ಗಳಲ್ಲೂ ಇರಬೇಕು. ಜರ್ಮನಿಯಲ್ಲಿ ಇದೇ ಬಗೆಯ ನಿಯಮದಡಿ ನಿರ್ದೇಶಕರ ಹೆಸರೂ ಬೇಕು. ನಿಮ್ಮ ದೇಶದ ನಿಯಮವನ್ನು ಲೆಕ್ಕಪರಿಶೋಧಕರಲ್ಲಿ ಒಮ್ಮೆ ಕೇಳಿಬಿಡಿ. ಅದಕ್ಕೂ, ‘ಈ ಮೇಲ್ ನಿಮಗಲ್ಲದಿದ್ದರೆ ಕೂಡಲೇ ಅಳಿಸಿ’ ಎನ್ನುವ ಉದ್ದನೆಯ ಗೌಪ್ಯತೆಯ ಎಚ್ಚರಿಕೆಗೂ ಸಂಬಂಧವಿಲ್ಲ. ಓದಿ ಮುಗಿಸಿದವರಿಗೆ ಓದಬೇಡಿ ಎಂದು ಕೆಳಗೆ ಬರೆಯುವ ಈ ಪದ್ಧತಿ ನನಗಂತೂ ಅರ್ಥವಾಗಿಲ್ಲ. ಸಂಸ್ಥೆ ಕಡ್ಡಾಯ ಮಾಡಿದ್ದರೆ ಹಾಕಿ, ಇಲ್ಲದಿದ್ದರೆ ನೀವಾಗಿಯೇ ಹೊತ್ತುಕೊಳ್ಳಬೇಡಿ.

ಕಟ್ಟುವುದು ಹೇಗೆ

ವೆಬ್ ಪುಟ ಮಾಡಿ ಅಭ್ಯಾಸವಿರುವವರು ಇಲ್ಲೇ ಎಡವುವುದು. ಬ್ರೌಸರ್‌ನಲ್ಲಿ ಲಕ್ಷಣವಾಗಿ ನಿಂತ ಸಿಗ್ನೇಚರ್ ಔಟ್‌ಲುಕ್‌ಗೆ ಹೋದ ಕೂಡಲೇ ಕುಸಿಯುತ್ತದೆ. ವಿಂಡೋಸ್‌ನ ಹಳೆಯ ಮಾದರಿಯ ಔಟ್‌ಲುಕ್ 2007ರ ಆವೃತ್ತಿಯಿಂದ ಮೇಲ್‌ಗಳನ್ನು ತೋರಿಸಲು ಬ್ರೌಸರ್ ಎಂಜಿನ್ ಬಳಸುವುದಿಲ್ಲ, ವರ್ಡ್‌ನ ಎಂಜಿನ್ ಬಳಸುತ್ತದೆ. ದುಂಡಗಿನ ಮೂಲೆ, ಹಿನ್ನೆಲೆ ಚಿತ್ರ, ವೆಬ್ ಪುಟದಲ್ಲಿ ಭಾಗಗಳನ್ನು ಅಕ್ಕಪಕ್ಕ ಜೋಡಿಸುವ ಫ್ಲೋಟ್, ಫ್ಲೆಕ್ಸ್ ವಿಧಾನಗಳು ಇವೆಲ್ಲ ವರ್ಡ್‌ಗೆ ಗೊತ್ತಿಲ್ಲ. ಅದಕ್ಕೆ ಚೆನ್ನಾಗಿ ಗೊತ್ತಿರುವುದು ಟೇಬಲ್. ಹಾಗಾಗಿ ಎಡಕ್ಕೆ ಲೋಗೊ, ಬಲಕ್ಕೆ ಹೆಸರು ಎಂಬ ಜೋಡಣೆ ಬೇಕಾದರೆ ಎರಡು ಕಂಬಗಳ ಟೇಬಲ್ ಮಾಡಿ, ಗೆರೆಗಳನ್ನು ಅಳಿಸಿ. ವೆಬ್ ಪುಟಗಳ ಕೋಡ್ ಆದ ಎಚ್‌ಟಿಎಂಎಲ್ ಬರೆಯುವವರಾದರೆ ಶೈಲಿಯನ್ನು ಆಯಾ ಟ್ಯಾಗಿನೊಳಗೇ ಇಡಿ, ಪ್ರತ್ಯೇಕ ಸ್ಟೈಲ್ ಬ್ಲಾಕ್ ನಂಬಬೇಡಿ.

ಕೋಡ್ ಬರೆಯದವರಿಗೂ ಸುಲಭದ ದಾರಿಯಿದೆ. ಜಿಮೇಲ್‌ನ ಸಿಗ್ನೇಚರ್ ಪೆಟ್ಟಿಗೆಯಲ್ಲಿ ಟೇಬಲ್ ಬಟನ್ ಇಲ್ಲ, ಆದರೆ ಗೂಗಲ್ ಡಾಕ್ಸ್‌ನಲ್ಲಿ ಟೇಬಲ್ ಮಾಡಿ ನಕಲಿಸಿ ತಂದು ಅಂಟಿಸಿದರೆ ಅದು ಒಪ್ಪಿಕೊಳ್ಳುತ್ತದೆ. ಔಟ್‌ಲುಕ್‌ಗೆ ವರ್ಡ್‌ನಿಂದ ಹಾಗೆಯೇ ತನ್ನಿ.

ಫಾಂಟ್ ವಿಷಯದಲ್ಲಿ ಚಂದದ ಆಸೆ ಬಿಡಿ. ಏರಿಯಲ್, ವರ್ಡಾನಾ, ಟಹೋಮಾ, ಜಾರ್ಜಿಯಾ ಇವುಗಳಲ್ಲಿ ಒಂದು. ನೀವು ಕೊಂಡು ತಂದ ವಿಶೇಷ ಫಾಂಟ್ ಓದುವವರ ಕಂಪ್ಯೂಟರಿನಲ್ಲಿ ಇರುವುದಿಲ್ಲ, ಅಲ್ಲಿ ಟೈಮ್ಸ್ ನ್ಯೂ ರೋಮನ್ ಬಂದು ಕೂರುತ್ತದೆ. ಹೆಸರು 15 ಅಥವಾ 16 ಪಿಕ್ಸೆಲ್ ದಪ್ಪಕ್ಷರ, ಉಳಿದದ್ದು 13 ಪಿಕ್ಸೆಲ್. ಬಣ್ಣ ಒಂದೇ, ಹೆಸರಿಗೋ ಲಿಂಕಿಗೋ. ತಿಳಿ ಬೂದು ಬಣ್ಣದ ಸಣ್ಣಕ್ಷರ ಈಗ ಫ್ಯಾಷನ್ ಆಗಿದೆ, ಆದರೆ ನಲವತ್ತು ದಾಟಿದ ಕಣ್ಣಿಗೆ ಅದು ಶಿಕ್ಷೆ. ಡಬ್ಲ್ಯುಸಿಎಜಿ ಎಂಬ ಜಾಲ ಸುಗಮತೆಯ ಮಾನದಂಡದಲ್ಲಿ ಮಾಮೂಲಿ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ವ್ಯತ್ಯಾಸ ಬೇಕು ಎಂದಿದೆ. ಜಾಲದಲ್ಲಿ ಸಿಗುವ ಕಾಂಟ್ರಾಸ್ಟ್ ಚೆಕರ್‌ನಲ್ಲಿ ಎರಡು ಬಣ್ಣ ಹಾಕಿದರೆ ತಕ್ಷಣ ತಿಳಿಯುತ್ತದೆ.

ಸಿಗ್ನೇಚರಿನಲ್ಲಿ ಕನ್ನಡ ಬರೆಯುವವರಿಗೆ ಎರಡು ಮಾತು. ಅಕ್ಷರಗಳು ಎಲ್ಲ ಯಂತ್ರಗಳಿಗೂ ಅರ್ಥವಾಗುವ ಯೂನಿಕೋಡ್ ಸಂಕೇತದಲ್ಲೇ ಇರಲಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪಿಸಿ ಅಂಟಿಸಿದ ಹೆಸರು, ಆ ಫಾಂಟ್ ಇಲ್ಲದವರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಯೂನಿಕೋಡ್ ಆದರೆ ವಿಂಡೋಸ್‌ನ ತುಂಗಾ ಅಥವಾ ನಿರ್ಮಲಾ ಯುಐ, ಆಂಡ್ರಾಯ್ಡ್‌ನ ನೋಟೊ ಸಾನ್ಸ್ ಕನ್ನಡ, ಆಪಲ್‌ನ ಕನ್ನಡ ಸಂಗಮ್ ಎಂಎನ್ ಹೀಗೆ ಆಯಾ ಯಂತ್ರದ ಫಾಂಟ್ ತಾನೇ ಎತ್ತಿಕೊಳ್ಳುತ್ತದೆ. ಎರಡನೆಯದು ಸಾಲಿನ ಅಂತರ. ಇಂಗ್ಲಿಷ್‌ಗೆ ಸಾಕಾಗುವ ಅಂತರದಲ್ಲಿ ಕನ್ನಡ ಉಸಿರುಗಟ್ಟುತ್ತದೆ, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಲೈನ್ ಹೈಟ್ 1.5 ಇಟ್ಟರೆ ನೆಮ್ಮದಿ.

ಲೋಗೊ ಮತ್ತು ಫೋಟೊ

ಇಡೀ ಸಿಗ್ನೇಚರನ್ನೇ ಒಂದು ಚಿತ್ರವಾಗಿ ಮಾಡಿ ಅಂಟಿಸುವವರಿದ್ದಾರೆ. ದಯವಿಟ್ಟು ಬೇಡ. ಫೋನ್ ನಂಬರ್ ನಕಲಿಸಲು ಬರುವುದಿಲ್ಲ, ಮೇಲ್‌ಗಳ ನಡುವೆ ಹುಡುಕಿದರೆ ಸಿಗುವುದಿಲ್ಲ, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಅದನ್ನು ಓದುವುದಿಲ್ಲ. ಚಿತ್ರಗಳನ್ನು ತಡೆಹಿಡಿದಿರುವ ಕಚೇರಿಗಳಲ್ಲಂತೂ ನೀವು ಖಾಲಿ ಚೌಕ. ಚಿತ್ರ ಅಲಂಕಾರಕ್ಕಿರಲಿ, ಮಾಹಿತಿ ಅಕ್ಷರದಲ್ಲಿರಲಿ.

ಚಿತ್ರದ ಕಡತ ಲೋಗೊಗೆ ಪಿಎನ್‌ಜಿ ಮಾದರಿ, ಫೋಟೊಗೆ ಜೆಪಿಜಿ ಮಾದರಿ. ಎಸ್‌ವಿಜಿ ಮಾದರಿಯನ್ನು ಜಿಮೇಲ್ ತೋರಿಸುವುದಿಲ್ಲ. ಕಾಣಬೇಕಾದ ಅಳತೆಯ ದುಪ್ಪಟ್ಟಿನಲ್ಲಿ ಚಿತ್ರ ತಯಾರಿಸಿ: 100 ಪಿಕ್ಸೆಲ್ ಅಗಲ ಕಾಣಬೇಕಾದರೆ 200ರಲ್ಲಿ ಮಾಡಿ, ಎಚ್‌ಟಿಎಂಎಲ್‌ನಲ್ಲಿ ಅಗಲವನ್ನು 100 ಎಂದು ಬರೆಯಿರಿ. ಆಗ ಹೊಸ ಫೋನ್‌ಗಳ ಸಾಂದ್ರ ಪರದೆಯಲ್ಲೂ ಅಂಚು ಮಸುಕಾಗುವುದಿಲ್ಲ. ಅಗಲವನ್ನು ಚಿತ್ರದ ಟ್ಯಾಗಿನ ವಿಡ್ತ್ ಗುಣವಾಗಿಯೇ ಕೊಡಿ. ಬರೀ ಶೈಲಿಯಲ್ಲಿ ಕೊಟ್ಟರೆ ಹಳೆಯ ಔಟ್‌ಲುಕ್ ಅದನ್ನು ಲೆಕ್ಕಿಸದೆ ಲೋಗೊವನ್ನು ಪೂರ್ತಿ ಗಾತ್ರದಲ್ಲಿ ಹರಡಿಬಿಡುತ್ತದೆ. ಪ್ರತಿ ಚಿತ್ರಕ್ಕೂ ಆಲ್ಟ್ ಪಠ್ಯ, ಅಂದರೆ ಚಿತ್ರ ಕಾಣದಾಗ ಅದರ ಬದಲು ಸಿಗುವ ಮಾತು, ಬರೆಯಿರಿ. ‘ಲೋಗೊ’ ಎಂದಲ್ಲ, ಸಂಸ್ಥೆಯ ಹೆಸರನ್ನೇ.

ಡಾರ್ಕ್ ಮೋಡ್ ಬಂದ ಮೇಲೆ ಹೊಸ ತಾಪತ್ರಯ ಶುರುವಾಯಿತು. ಹಿನ್ನೆಲೆಯಿಲ್ಲದ ಪಿಎನ್‌ಜಿಯಲ್ಲಿ ಕಪ್ಪು ಅಕ್ಷರದ ಲೋಗೊ ಇದ್ದರೆ ಕಪ್ಪು ಪರದೆಯಲ್ಲಿ ಅದು ಮಾಯ. ಲೋಗೊದ ಸುತ್ತ ತೆಳುವಾದ ಬಿಳಿ ಅಂಚು ಎಳೆದುಬಿಟ್ಟರೆ ಬಿಳಿ ಹಿನ್ನೆಲೆಯಲ್ಲಿ ಅದು ಕಾಣುವುದೂ ಇಲ್ಲ, ಕಪ್ಪಿನಲ್ಲಿ ಲೋಗೊವನ್ನು ಉಳಿಸುತ್ತದೆ.

ಇನ್ನು ಚಿತ್ರ ಎಲ್ಲಿರಬೇಕು ಎಂಬ ಪ್ರಶ್ನೆ. ಎರಡು ದಾರಿ. ಒಂದು, ಮೇಲ್‌ನ ಒಳಗೇ ಹುದುಗಿಸುವುದು. ಆಗ ಕೆಲವು ಕಡೆ ಪ್ರತಿ ಮೇಲ್‌ಗೂ ಅಟ್ಯಾಚ್‌ಮೆಂಟ್ ಗುರುತು ಬೀಳುತ್ತದೆ. ‘ಇಮೇಜ್001’ ಎಂಬ ಹೆಸರಿನ ಕಡತ ನೋಡಿ ಏನೋ ಕಳಿಸಿದ್ದಾರೆ ಎಂದು ತೆರೆದವರು ನೀವೂ ಇರಬಹುದು. ಇನ್ನೊಂದು, ಚಿತ್ರವನ್ನು ವೆಬ್‌ಸರ್ವರ್‌ನಲ್ಲಿಟ್ಟು ಮೇಲ್‌ನಲ್ಲಿ ಅದರ ವಿಳಾಸ ಮಾತ್ರ ಕೊಡುವುದು. ಮೇಲ್ ಹಗುರ, ಆದರೆ ಓದುವವರು ಚಿತ್ರ ತೋರಿಸಲು ಒಪ್ಪದಿದ್ದರೆ ಕಾಣದು, ಆ ವಿಳಾಸ ಸತ್ತರೆ ಹಳೆಯ ಮೇಲ್‌ಗಳಲ್ಲೂ ಒಡಕು ಚಿತ್ರ. ಕಾಯಂ ಲೋಗೊಗೆ ಎರಡೂ ನಡೆಯುತ್ತದೆ. ಹಬ್ಬದ ಬ್ಯಾನರ್‌ಗೆ ಈ ಆಯ್ಕೆ ಬಹಳ ಮುಖ್ಯ, ಅಲ್ಲಿಗೆ ಬಂದಾಗ ಹೇಳುತ್ತೇನೆ.

ಜಿಮೇಲ್‌ನಲ್ಲಿ ಕೂರಿಸುವುದು

1. ಕಂಪ್ಯೂಟರಿನ ಬ್ರೌಸರ್‌ನಲ್ಲಿ ಜಿಮೇಲ್ ತೆರೆದು, ಬಲ ಮೇಲ್ಮೂಲೆಯ ಗಿಯರ್ ಚಿಹ್ನೆ ಒತ್ತಿ, ‘ಸೀ ಆಲ್ ಸೆಟ್ಟಿಂಗ್ಸ್’ ಆರಿಸಿ.
2. ‘ಜನರಲ್’ ಪುಟದಲ್ಲಿ ಕೆಳಗಿಳಿದರೆ ‘ಸಿಗ್ನೇಚರ್’ ವಿಭಾಗ. ‘ಕ್ರಿಯೇಟ್ ನ್ಯೂ’ ಒತ್ತಿ ಒಂದು ಹೆಸರು ಕೊಡಿ. ಈ ಹೆಸರು ನಿಮಗೆ ಮಾತ್ರ ಕಾಣುವುದು.
3. ಬಲಗಡೆಯ ಪೆಟ್ಟಿಗೆಯಲ್ಲಿ ಬರೆಯಿರಿ ಅಥವಾ ಅಂಟಿಸಿ. ಚಿತ್ರದ ಬಟನ್ ಒತ್ತಿದರೆ ಡ್ರೈವ್, ಅಪ್‌ಲೋಡ್, ವೆಬ್ ವಿಳಾಸ ಎಂಬ ದಾರಿಗಳಿವೆ. ಡ್ರೈವ್‌ನಿಂದ ಹಾಕುವುದಾದರೆ ಆ ಚಿತ್ರ ಎಲ್ಲರಿಗೂ ಕಾಣುವಂತೆ ಹಂಚಿಕೆಯಾಗಿರಬೇಕು. ಇಲ್ಲದಿದ್ದರೆ ನಿಮಗೆ ಚಂದ ಕಾಣುತ್ತದೆ, ಉಳಿದವರಿಗೆ ಏನೂ ಇಲ್ಲ.
4. ಅದರ ಕೆಳಗೆ ‘ಸಿಗ್ನೇಚರ್ ಡಿಫಾಲ್ಟ್ಸ್’. ಹೊಸ ಮೇಲ್‌ಗೆ ಯಾವುದು, ಉತ್ತರ ಮತ್ತು ಫಾರ್ವರ್ಡ್‌ಗೆ ಯಾವುದು ಎಂದು ಬೇರೆ ಬೇರೆಯಾಗಿ ಆರಿಸಿ.
5. ಪುಟದ ತೀರಾ ಕೆಳಗೆ ಹೋಗಿ ‘ಸೇವ್ ಚೇಂಜಸ್’ ಒತ್ತಿ. ಮಾಡಿದ್ದೆಲ್ಲ ಕಳೆದುಹೋಯಿತು ಎಂದು ಗೊಣಗುವವರು ಸಾಮಾನ್ಯವಾಗಿ ಮರೆತಿರುವುದು ಈ ಬಟನ್ನನ್ನೇ.

ಒಂದು ಸಿಗ್ನೇಚರಿಗೆ 10,000 ಅಕ್ಷರಗಳ ಮಿತಿಯಿದೆ. ನಾಲ್ಕು ಸಾಲಿಗೆ ಯಾಕೆ ಮಿತಿ ಮೀರಿತು ಎಂದು ತಲೆ ಕೆರೆದುಕೊಂಡರೆ, ಅಂಟಿಸುವಾಗ ವರ್ಡ್‌ನಿಂದ ಬಂದ ಕಾಣದ ಶೈಲಿಯ ಕಸವೇ ಕಾರಣ. ಕಂಟ್ರೋಲ್, ಶಿಫ್ಟ್, ವಿ ಮೂರನ್ನೂ ಒಟ್ಟಿಗೆ ಒತ್ತಿ ಬರೀ ಅಕ್ಷರ ಅಂಟಿಸಿ, ಅಲ್ಲೇ ಅಲಂಕರಿಸಿ.

ಸಿಗ್ನೇಚರಿನ ಮೇಲೆ ಜಿಮೇಲ್ ಎರಡು ಅಡ್ಡಗೆರೆ ಹಾಕುವುದನ್ನು ಕಂಡಿರುತ್ತೀರಿ. ಅದು ದೋಷವಲ್ಲ, ಹಳೆಯ ಸಂಪ್ರದಾಯ. ಎರಡು ಹೈಫನ್, ಒಂದು ಖಾಲಿ ಜಾಗ ಇರುವ ಸಾಲು ಬಂದರೆ ಅಲ್ಲಿಂದ ಕೆಳಗಿನದು ಸಿಗ್ನೇಚರ್ ಎಂದು ಮೇಲ್ ತಂತ್ರಾಂಶಗಳು ಗುರುತಿಸುತ್ತವೆ. 2004ರ ಆರ್‌ಎಫ್‌ಸಿ 3676ರಲ್ಲೂ ಇದರ ಪ್ರಸ್ತಾಪವಿದೆ. ಥಂಡರ್‌ಬರ್ಡ್ ಈ ಗೆರೆಯ ಕೆಳಗಿನದನ್ನು ಮಸುಕಾಗಿ ತೋರಿಸಿ, ಉತ್ತರ ಬರೆಯುವಾಗ ಬಿಟ್ಟುಬಿಡುತ್ತದೆ. ಉತ್ತರಗಳಲ್ಲಿ ಈ ಗೆರೆ ಬೇಡವೆಂದರೆ ಜಿಮೇಲ್‌ನ ಅದೇ ವಿಭಾಗದಲ್ಲಿ ಚೆಕ್‌ಬಾಕ್ಸ್ ಇದೆ. ಅದನ್ನು ಗುರುತು ಮಾಡಿದರೆ ಗೆರೆ ಹೋಗುವುದಲ್ಲದೆ, ಸಿಗ್ನೇಚರ್ ಹಳೆಯ ಮಾತುಕತೆಯ ತಳಕ್ಕೆ ಬೀಳದೆ ನಿಮ್ಮ ಉತ್ತರದ ಕೆಳಗೇ ನಿಲ್ಲುತ್ತದೆ.

ಔಟ್‌ಲುಕ್ ಮತ್ತು ಉಳಿದವು

ಹಳೆಯ ಮಾದರಿಯ ಔಟ್‌ಲುಕ್‌ನಲ್ಲಿ ಹೊಸ ಮೇಲ್ ತೆರೆದು ‘ಸಿಗ್ನೇಚರ್’, ಅದರೊಳಗೆ ‘ಸಿಗ್ನೇಚರ್ಸ್’ ಒತ್ತಿ. ಹೊಸ ಔಟ್‌ಲುಕ್ ಮತ್ತು ಬ್ರೌಸರ್ ಆವೃತ್ತಿಯಲ್ಲಿ ಸೆಟ್ಟಿಂಗ್ಸ್‌ನ ‘ಅಕೌಂಟ್ಸ್’ ಅಡಿಯಲ್ಲಿ ‘ಸಿಗ್ನೇಚರ್ಸ್’ ಇರುತ್ತದೆ. ಅಲ್ಲಿಲ್ಲದಿದ್ದರೆ ‘ಮೇಲ್’ ಅಡಿಯ ‘ಕಂಪೋಸ್ ಅಂಡ್ ರಿಪ್ಲೈ’ ನೋಡಿ. ಸಾಲುಗಳ ನಡುವೆ ಅನವಶ್ಯಕ ಅಂತರ ಬರುತ್ತಿದ್ದರೆ ಎಂಟರ್ ಬದಲು ಶಿಫ್ಟ್ ಹಿಡಿದು ಎಂಟರ್ ಒತ್ತಿ. ಬರೀ ಎಂಟರ್ ಹೊಸ ಪ್ಯಾರಾ ಶುರು ಮಾಡುತ್ತದೆ, ಶಿಫ್ಟ್ ಜೊತೆಗಾದರೆ ಸಾಲು ಮಾತ್ರ ಮುರಿಯುತ್ತದೆ. ಇಷ್ಟು ಸಣ್ಣ ವಿಷಯಕ್ಕೆ ನಾನು ಒಂದು ಮಧ್ಯಾಹ್ನವನ್ನೇ ಕಳೆದಿದ್ದೇನೆ.

ಹಳೆಯ ಔಟ್‌ಲುಕ್ ಪ್ರತಿ ಸಿಗ್ನೇಚರನ್ನೂ ಮೂರು ರೂಪದಲ್ಲಿ ಆ ಕಂಪ್ಯೂಟರಿನ ಒಂದು ಫೋಲ್ಡರ್‌ನಲ್ಲಿ ಇಡುತ್ತದೆ: ಎಚ್‌ಟಿಎಂಎಲ್, ಆರ್‌ಟಿಎಫ್, ಬರೀ ಪಠ್ಯ. ‘ಫೈಲ್’, ‘ಆಪ್ಷನ್ಸ್’, ‘ಮೇಲ್’ ಎಂದು ಹೋಗಿ, ಕಂಟ್ರೋಲ್ ಕೀ ಹಿಡಿದು ‘ಸಿಗ್ನೇಚರ್ಸ್’ ಬಟನ್ ಒತ್ತಿದರೆ ಆ ಫೋಲ್ಡರೇ ತೆರೆದುಕೊಳ್ಳುತ್ತದೆ. ಬರೀ ಪಠ್ಯದ ಕಡತ ತೆರೆದು ಒಮ್ಮೆ ನೋಡಿ, ಟೇಬಲ್ ಕಳಚಿ ಬಿದ್ದ ಮೇಲೆ ಸಾಲುಗಳು ಹೇಗೆ ಚೆಲ್ಲಾಡಿವೆ ಎಂದು ಕಾಣುತ್ತದೆ. ಅದನ್ನೂ ಕೈಯಿಂದ ಸರಿಪಡಿಸಿ.

ಮ್ಯಾಕ್‌ನ ಮೇಲ್ ಆ್ಯಪ್‌ನಲ್ಲಿ ಸೆಟ್ಟಿಂಗ್ಸ್, ‘ಸಿಗ್ನೇಚರ್ಸ್’. ಎಡಗಡೆ ಖಾತೆ ಆರಿಸಿ ಪ್ಲಸ್ ಒತ್ತಿ. ನಿಮ್ಮ ಫಾಂಟ್ ಉಳಿಯಬೇಕಾದರೆ ‘ಡಿಫಾಲ್ಟ್ ಮೆಸೇಜ್ ಫಾಂಟ್’ ಹೊಂದಿಸುವ ಗುರುತನ್ನು ತೆಗೆಯಿರಿ. ಥಂಡರ್‌ಬರ್ಡ್‌ನಲ್ಲಿ ‘ಅಕೌಂಟ್ ಸೆಟ್ಟಿಂಗ್ಸ್’ ಒಳಗೆ ಪೆಟ್ಟಿಗೆಯಿದೆ, ‘ಯೂಸ್ ಎಚ್‌ಟಿಎಂಎಲ್’ ಗುರುತು ಮಾಡಿ ಕೋಡ್ ಅಂಟಿಸಬಹುದು.

ಫೋನನ್ನು ಮರೆಯುವವರೇ ಹೆಚ್ಚು. ಆಂಡ್ರಾಯ್ಡ್ ಜಿಮೇಲ್‌ನಲ್ಲಿ ಮೆನು, ‘ಸೆಟ್ಟಿಂಗ್ಸ್’, ನಿಮ್ಮ ಖಾತೆ, ‘ಮೊಬೈಲ್ ಸಿಗ್ನೇಚರ್’. ಇಲ್ಲಿ ಬರೀ ಅಕ್ಷರ ಮಾತ್ರ, ಹಾಗಾಗಿ ಮೊದಲು ನೋಟ್‌ಪ್ಯಾಡ್‌ನಲ್ಲಿ ಬರೆದದ್ದು ಈಗ ಉಪಯೋಗಕ್ಕೆ ಬಂತು. ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಮೇಲ್’ ಒಳಗೆ ‘ಸಿಗ್ನೇಚರ್’. ಹೊಸ ಆವೃತ್ತಿಗಳಲ್ಲಿ ‘ಆ್ಯಪ್ಸ್’ ಒಳಗೆ ಹೋಗಿ ಅಲ್ಲಿಂದ ‘ಮೇಲ್’. ‘ಸೆಂಟ್ ಫ್ರಮ್ ಮೈ ಐಫೋನ್’ ಎಂಬ ಸಾಲನ್ನು ಅಳಿಸಿ ನಿಮ್ಮ ಹೆಸರು ಬರೆಯಿರಿ.

ಎಲ್ಲ ಆದ ಮೇಲೆ ಪರೀಕ್ಷೆ. ನಿಮ್ಮದೇ ಇನ್ನೊಂದು ವಿಳಾಸಕ್ಕೆ, ಸಾಧ್ಯವಾದರೆ ಜಿಮೇಲ್ ಒಂದು, ಔಟ್‌ಲುಕ್ ಒಂದಕ್ಕೆ ಕಳಿಸಿ. ಫೋನಿನಲ್ಲಿ ಡಾರ್ಕ್ ಮೋಡ್ ಹಾಕಿ ನೋಡಿ. ಚಿತ್ರಗಳನ್ನು ತಡೆದು ನೋಡಿ. ಫೋನ್ ನಂಬರ್ ಒತ್ತಿದರೆ ಕರೆ ಹೋಗುತ್ತದೆಯೇ, ಜಾಲತಾಣದ ಲಿಂಕ್ ತೆರೆಯುತ್ತದೆಯೇ ನೋಡಿ. ಆಮೇಲೆ ಆ ಮೇಲ್‌ಗೆ ಎರಡೂ ಕಡೆಯಿಂದ ಮೂರು ನಾಲ್ಕು ಸಲ ಉತ್ತರ ಬರೆಯಿರಿ. ಸಿಗ್ನೇಚರಿನ ನಿಜಬಣ್ಣ ಬಯಲಾಗುವುದು ಮೊದಲ ಮೇಲ್‌ನಲ್ಲಲ್ಲ, ಐದನೆಯ ಉತ್ತರದಲ್ಲಿ. ಪ್ರತಿ ಉತ್ತರಕ್ಕೂ ಲೋಗೊ ಸೇರಿ ಮಾತುಕತೆ ಚಿತ್ರಮಾಲೆಯಾಗುತ್ತದೆ. ಅದಕ್ಕೇ ಉತ್ತರಗಳಿಗೆ ಹೆಸರು, ಫೋನ್ ಎರಡೇ ಸಾಲಿನ ಪ್ರತ್ಯೇಕ ಸಿಗ್ನೇಚರ್ ಇಡಿ. ಜಿಮೇಲ್ 102 ಕೆಬಿ ದಾಟಿದ ಮೇಲ್ ಪಠ್ಯವನ್ನು ಕತ್ತರಿಸಿ ಉಳಿದದ್ದನ್ನು ಲಿಂಕ್ ಹಿಂದೆ ಬಚ್ಚಿಡುತ್ತದೆ, ಉದ್ದ ಕೋಡಿನ ಸಿಗ್ನೇಚರುಗಳು ಆ ಮಿತಿಯನ್ನು ಹತ್ತಿರ ತರುತ್ತವೆ.

ಹಬ್ಬಕ್ಕೆ, ಋತುವಿಗೆ

ಋತುಮಾನದ ಸಿಗ್ನೇಚರನ್ನು ನಾನು ಅತಿಥಿ ಎಂದೇ ನೋಡುತ್ತೇನೆ. ಯಾವಾಗ ಹೊರಡುತ್ತಾರೆ ಎಂದು ಗೊತ್ತಿದ್ದರೆ ಮಾತ್ರ ಒಳಗೆ ಕರೆಯುವುದು.

ಮೊದಲು ಅದು ಯಾವ ಕೆಲಸಕ್ಕೆ ಎಂದು ತೀರ್ಮಾನಿಸಿ. ಬರೀ ಶುಭಾಶಯ, ರಜೆಯ ಸೂಚನೆ, ಕಾರ್ಯಕ್ರಮದ ಆಹ್ವಾನ, ಈ ಮೂರರಲ್ಲಿ ಒಂದಿರುತ್ತದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಉಪಯುಕ್ತ ರಜೆಯ ಸೂಚನೆ. ‘ಡಿಸೆಂಬರ್ 24ರಿಂದ ಜನವರಿ 2ರವರೆಗೆ ನಾವು ರಜೆಯಲ್ಲಿ, 3ರಂದು ಮತ್ತೆ ಲಭ್ಯ’ ಎಂಬ ಸಾಲಿಗೆ ಬೆಲೆಯಿದೆ. ಅದನ್ನು ಎರಡು ವಾರ ಮುಂಚೆಯೇ ಹಾಕಿದರೆ ಜನ ತಮ್ಮ ತುರ್ತು ಕೆಲಸವನ್ನು ಮೊದಲೇ ತರುತ್ತಾರೆ. ರಜೆ ಶುರುವಾದ ಮೇಲೆ ಬರುವ ಆಟೋ ರಿಪ್ಲೈ ಇದನ್ನು ಮಾಡಲಾರದು.

ಈಗ ಇರುವ ಸಿಗ್ನೇಚರನ್ನೇ ತಿದ್ದಬೇಡಿ. ಅದರ ಪ್ರತಿ ಮಾಡಿ, ಪ್ರತಿಗೆ ಬ್ಯಾನರ್ ಸೇರಿಸಿ, ಹೆಸರಿನಲ್ಲೇ ಕೊನೆಯ ದಿನ ಬರೆಯಿರಿ: ‘ಹೊಸ ವರ್ಷ, ಜನವರಿ 5ಕ್ಕೆ ತೆಗೆ’. ಪ್ರತಿ ಸಲ ಪಟ್ಟಿ ತೆರೆದಾಗ ಅದು ಕಣ್ಣಿಗೆ ಚುಚ್ಚಬೇಕು. ಕಾಯಂ ಸಿಗ್ನೇಚರ್ ಪಕ್ಕದಲ್ಲೇ ಹಾಗೇ ಉಳಿದಿರುವುದರಿಂದ ಹಿಂದಿರುಗುವುದು ಒಂದು ಕ್ಲಿಕ್ಕಿನ ಕೆಲಸ. ಹೊಸ ಮೇಲ್‌ಗೆ ಮಾತ್ರ ಅದನ್ನು ಆರಿಸಿ, ಉತ್ತರಗಳಿಗೆ ಬೇಡ.

ಬ್ಯಾನರ್ ಸಂಪರ್ಕದ ಸಾಲುಗಳ ಕೆಳಗಿರಲಿ, ಮೇಲಲ್ಲ. ಕಾಣುವ ಅಗಲ 400ರಿಂದ 500 ಪಿಕ್ಸೆಲ್, ಎತ್ತರ 100ರ ಒಳಗೆ. ತಯಾರಿಸುವುದು ಅದರ ದುಪ್ಪಟ್ಟಿನಲ್ಲಿ. ಕಡತದ ತೂಕವನ್ನು 100 ಕೆಬಿಯ ಒಳಗೆ ಇಳಿಸಿ. ಚಲಿಸುವ ಜಿಫ್ ಹಾಕುವ ಚಪಲವಿದ್ದರೆ ಒಂದು ಎಚ್ಚರ: ಹಳೆಯ ಔಟ್‌ಲುಕ್‌ನ ಹಲವು ಆವೃತ್ತಿಗಳು ಮೊದಲ ಚೌಕಟ್ಟನ್ನಷ್ಟೇ ತೋರಿಸುತ್ತವೆ. ಖಾಲಿ ಪರದೆಯಿಂದ ಶುರುವಾಗಿ ನಿಧಾನಕ್ಕೆ ಅಕ್ಷರ ಮೂಡುವ ಬ್ಯಾನರ್ ಅಲ್ಲಿ ಖಾಲಿಯಾಗೇ ಉಳಿಯುತ್ತದೆ. ರಜೆಯ ದಿನಾಂಕದಂಥ ಮಾಹಿತಿ ಚಿತ್ರದೊಳಗೆ ಇದ್ದರೂ, ಅದರ ಕೆಳಗೆ ಅಕ್ಷರದಲ್ಲೂ ಇರಲಿ. ಬ್ಯಾನರ್ ಬೇಡವೇ ಬೇಡ ಎನ್ನುವವರಿಗೆ ಇನ್ನೂ ಸರಳ ದಾರಿಯಿದೆ. ಹೆಸರಿನ ಬಣ್ಣವನ್ನು ಋತುವಿಗೆ ತಕ್ಕಂತೆ ಬದಲಿಸಿ, ಕೆಳಗೆ ಒಂದು ಸಾಲು ಶುಭಾಶಯ ಬರೆಯಿರಿ. ಈಚೆಗೆ ನಾನು ಮಾಡುವುದು ಇದನ್ನೇ.

ಓದುವವರು ಎಲ್ಲಿದ್ದಾರೆ ಎಂಬ ನೆನಪಿರಲಿ. ಉತ್ತರಾರ್ಧಗೋಳದಲ್ಲಿ ಹಿಮ ಬೀಳುವ ಡಿಸೆಂಬರ್ ದಕ್ಷಿಣಾರ್ಧಗೋಳದಲ್ಲಿ ಬೇಸಿಗೆ. ಆಸ್ಟ್ರೇಲಿಯಾದವರಿಗೆ ಹಿಮದ ಹರಳಿನ ಬ್ಯಾನರ್ ಕಳಿಸಿದರೆ ಅವರು ನಕ್ಕು ಸುಮ್ಮನಾಗುತ್ತಾರೆ, ಅಷ್ಟೇ. ನಾನಾ ನಂಬಿಕೆಯವರಿಗೆ ಬರೆಯುವವರು ಒಂದು ಹಬ್ಬದ ಹೆಸರು ಹಿಡಿಯುವ ಬದಲು ವರ್ಷಾಂತ್ಯ, ಹೊಸ ವರ್ಷ ಎನ್ನುವುದು ಕ್ಷೇಮ.

ಈಗ ಹುದುಗಿಸಿದ ಚಿತ್ರ ಮತ್ತು ಸರ್ವರ್‌ನಲ್ಲಿಟ್ಟ ಚಿತ್ರದ ವಿಷಯ. ಹುದುಗಿಸಿದ ಬ್ಯಾನರ್ ಆ ಮೇಲ್‌ನಲ್ಲಿ ಶಾಶ್ವತ. ಮೂರು ವರ್ಷದ ನಂತರ ತೆರೆದರೂ ಅದೇ ಶುಭಾಶಯ. ಸರ್ವರ್‌ನಲ್ಲಿಟ್ಟದ್ದು ಹಾಗಲ್ಲ. ಅದೇ ವಿಳಾಸದಲ್ಲಿ ಚಿತ್ರ ಬದಲಿಸಿದರೆ, ಆಗಲೇ ಕಳಿಸಿದ ಮೇಲ್‌ಗಳಲ್ಲೂ ಅದು ಬದಲಾಗುತ್ತದೆ. ಹಬ್ಬ ಮುಗಿದ ಮೇಲೆ ಬ್ಯಾನರಿನ ಜಾಗದಲ್ಲಿ ಸಂಸ್ಥೆಯ ಸಾದಾ ಪಟ್ಟಿ ಇಟ್ಟರೆ ಹಳೆಯ ಮೇಲ್‌ಗಳೂ ಶುಚಿಯಾಗುತ್ತವೆ. ಜಿಮೇಲ್ 2013ರ ಡಿಸೆಂಬರ್‌ನಿಂದ ಚಿತ್ರಗಳನ್ನು ತನ್ನದೇ ಸರ್ವರ್ ಮೂಲಕ ತೋರಿಸುವುದರಿಂದ ಹಳೆಯದು ಕೆಲಕಾಲ ಉಳಿಯಬಹುದು. ಆದರೆ ಚಿತ್ರವನ್ನು ಅಳಿಸಿಬಿಡುವ ತಪ್ಪು ಮಾತ್ರ ಮಾಡಬೇಡಿ, ಅಳಿಸಿದರೆ ಹಳೆಯ ಮೇಲ್‌ಗಳಲ್ಲೆಲ್ಲ ಒಡಕು ಚೌಕ. ಇನ್ನೊಂದು ಅಪಾಯ: ಮುಂದಿನ ವರ್ಷ ಅದೇ ವಿಳಾಸದಲ್ಲಿ ಹೊಸ ಬ್ಯಾನರ್ ಇಟ್ಟರೆ, ಹಳೆಯ ಒಪ್ಪಂದದ ಮೇಲ್ ತೆರೆದವರಿಗೆ ಆ ದಿನಾಂಕದಲ್ಲಿ ಇರದಿದ್ದ ಜಾಹೀರಾತು ಕಾಣುತ್ತದೆ. ದಾಖಲೆಯಾಗಿ ಉಳಿಯಬೇಕಾದ ಪತ್ರಗಳಿಗೆ ಇದು ಸಲ್ಲದು. ಪ್ರತಿ ವರ್ಷಕ್ಕೂ ಹೊಸ ವಿಳಾಸ ಕೊಡಿ.

ಬ್ಯಾನರ್ ಲಿಂಕ್‌ನಿಂದ ಎಷ್ಟು ಜನ ಬಂದರು ಎಂದು ಎಣಿಸಬೇಕಾದವರು ಆ ಲಿಂಕಿನ ಕೊನೆಗೆ ಯುಟಿಎಂ ಗುರುತು, ಅಂದರೆ ಓದುಗರು ಎಲ್ಲಿಂದ ಬಂದರು ಎಂದು ತಿಳಿಸುವ ಪದಗಳು, ಸೇರಿಸಿದರೆ ಸಾಕು.

ಮೂರನೆಯ ಸಿಗ್ನೇಚರ್ ಒಂದಿರಲಿ, ಅದರ ಹೆಸರು ‘ಸಾದಾ’. ಒಳಗೆ ನಿಮ್ಮ ಹೆಸರು ಮಾತ್ರ. ಸಂತಾಪ, ಕ್ಷಮೆ, ಕೆಲಸದಿಂದ ತೆಗೆದ ಪತ್ರ, ಬಾಕಿ ಹಣದ ಮೂರನೆಯ ನೆನಪೋಲೆ, ಸಿಟ್ಟಾದ ಗ್ರಾಹಕರಿಗೆ ಉತ್ತರ, ಇವುಗಳ ಕೆಳಗೆ ಯಾವ ಸಂಭ್ರಮವೂ ಇರಬಾರದು. ಜಿಮೇಲ್‌ನಲ್ಲಿ ಬರೆಯುವ ಪೆಟ್ಟಿಗೆಯ ಕೆಳಗಿನ ಪೆನ್ ಚಿಹ್ನೆ ಒತ್ತಿದರೆ ಸಿಗ್ನೇಚರ್ ಬದಲಿಸಬಹುದು, ಔಟ್‌ಲುಕ್‌ನಲ್ಲಿ ‘ಸಿಗ್ನೇಚರ್’ ಮೆನುವಿನಿಂದಲೇ.

ಇಡೀ ತಂಡಕ್ಕೆ ಒಂದೇ ರೂಪ

ಹತ್ತು ಜನರಿರುವಲ್ಲಿ ಒಬ್ಬರು ಅಚ್ಚು ಮಾಡಿ, ಉಳಿದವರು ಹೆಸರು ಬದಲಿಸಿ ಅಂಟಿಸಿಕೊಂಡರೆ ಆಯಿತು. ನೂರು ದಾಟಿದರೆ ಅದು ನಡೆಯುವುದಿಲ್ಲ. ಮೈಕ್ರೋಸಾಫ್ಟ್‌ನ ಮೇಲ್ ಸರ್ವರ್ ಆದ ಎಕ್ಸ್‌ಚೇಂಜ್‌ನಲ್ಲಿ ಮೇಲ್ ಫ್ಲೋ ನಿಯಮಗಳ ಮೂಲಕ, ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಅಡ್ಮಿನ್ ಹಾಕುವ ಫೂಟರ್ ಮೂಲಕ ಸರ್ವರೇ ಕೊನೆಯಲ್ಲಿ ಪಠ್ಯ ಸೇರಿಸಬಹುದು. ಕಾನೂನಿನ ಸಾಲಿಗೆ ಇದು ಸರಿಯಾದ ಜಾಗ. ಹಬ್ಬದ ಬ್ಯಾನರನ್ನು ಮಾತ್ರ ಹೀಗೆ ಸರ್ವರ್‌ನಿಂದ ಅಂಟಿಸಬೇಡಿ, ಬರೆಯುವವರಿಗೆ ‘ಸಾದಾ’ ಆರಿಸುವ ಅವಕಾಶವೇ ಹೋಗುತ್ತದೆ.

ತೆಗೆಯುವ ದಿನ

ಬ್ಯಾನರ್ ಹಾಕುವ ದಿನವೇ ಕ್ಯಾಲೆಂಡರಿನಲ್ಲಿ ತೆಗೆಯುವ ದಿನ ಗುರುತು ಮಾಡಿ, ಕೆಲಸ ಶುರುವಾಗುವ ಹೊತ್ತಿಗೆ ನೆನಪಿಸುವಂತೆ ಇಡಿ. ಆ ನೆನಪಿನ ಟಿಪ್ಪಣಿಯೊಳಗೆ ಎಲ್ಲೆಲ್ಲಿ ಹಾಕಿದ್ದೀರಿ ಎಂದು ಬರೆಯಿರಿ: ಬ್ರೌಸರ್‌ನ ಜಿಮೇಲ್, ಫೋನ್, ಕಚೇರಿಯ ಕಂಪ್ಯೂಟರ್, ಮನೆಯದು.

ನನ್ನ ಬ್ಯಾನರ್ ಅಡಗಿದ್ದು ಮನೆಯ ಲ್ಯಾಪ್‌ಟಾಪಿನ ಹಳೆಯ ಔಟ್‌ಲುಕ್‌ನಲ್ಲಿ. ಕಚೇರಿಯ ಕಂಪ್ಯೂಟರಿನಲ್ಲಿ ಜನವರಿಯಲ್ಲೇ ತೆಗೆದಿದ್ದೆ, ನಿಜ. ಆದರೆ ಆ ಔಟ್‌ಲುಕ್ ಸಿಗ್ನೇಚರನ್ನು ಆಯಾ ಯಂತ್ರದ ಫೋಲ್ಡರ್‌ನಲ್ಲೇ ಇಟ್ಟುಕೊಂಡಿತ್ತು, ಒಂದರಲ್ಲಿ ತೆಗೆದದ್ದು ಇನ್ನೊಂದಕ್ಕೆ ಗೊತ್ತೇ ಆಗಿರಲಿಲ್ಲ. ಆ ಲ್ಯಾಪ್‌ಟಾಪ್ ತೆರೆಯದೆ ಎರಡು ತಿಂಗಳಾಗಿತ್ತು. ಆ ದಿನ ರಜೆಯಲ್ಲಿದ್ದೆ, ಸುದ್ದಿ ನೋಡಿದ ಕೂಡಲೇ ಕೈಗೆ ಸಿಕ್ಕಿದ್ದು ಅದೇ.

ಇನ್ನೂ ಎರಡು ಮೂಲೆ ನೋಡಿ. ಡ್ರಾಫ್ಟ್‌ಗಳಲ್ಲಿ ಅರ್ಧ ಬರೆದಿಟ್ಟ ಮೇಲ್‌ಗಳ ಒಳಗೆ ಆ ದಿನದ ಸಿಗ್ನೇಚರ್ ಹಾಗೇ ಉಳಿದಿರುತ್ತದೆ, ಸೆಟ್ಟಿಂಗ್ಸ್‌ನಲ್ಲಿ ಬದಲಿಸಿದರೆ ಅದು ಬದಲಾಗುವುದಿಲ್ಲ. ಶೆಡ್ಯೂಲ್ ಮಾಡಿಟ್ಟ ಮೇಲ್‌ಗಳೂ, ಪದೇಪದೇ ಬಳಸುವ ಟೆಂಪ್ಲೇಟ್‌ಗಳೂ ಹಾಗೆಯೇ. ಅವುಗಳನ್ನು ತೆರೆದು ಒಂದೊಂದಾಗಿ ಅಳಿಸಿ. ಆಮೇಲೆ ನೀವು ಮೇಲ್ ಬರೆಯುವ ಪ್ರತಿ ಯಂತ್ರದಿಂದಲೂ ನಿಮಗೆ ನೀವೇ ಒಂದೊಂದು ಖಾಲಿ ಮೇಲ್ ಕಳಿಸಿಕೊಳ್ಳಿ, ಬಂದದ್ದರ ಅಡಿಯನ್ನು ನೋಡಿ.